ಗಾಜಿಗೆ ಎಡಗೈ ಇಲ್ಲ

ತೊಟ್ಟಿ ಬಂದದ್ದು ಹಲ್ಲಿನ ಡಾಕ್ಟರ ಕಾಯುವ ಕೋಣೆಯಿಂದ.
ಕ್ಲಿನಿಕ್ಕು ಮುಚ್ಚಿದ ದಿನ ಕೇಳಿದ್ದರು:
ಎದೆಲ್ಮೀರಾ, ಕುರ್ಚಿ ಬೇಕೋ, ಮೀನು ಬೇಕೋ?
ಮೂವತ್ತೊಂದು ವರ್ಷದ ದುಡಿಮೆಯ ಮೇಲಿನ ಚಿಲ್ಲರೆ ಅದು.
ಮೀನು, ಅಂದಳು.

ವಾಲ್ಪರೈಸೋದ ಗುಡ್ಡದ ಮೇಲಿನ ಮೂರನೆಯ ಮಹಡಿಗೆ
ನಾಲ್ವರು ಹೊತ್ತರು ಖಾಲಿ ಗಾಜನ್ನು,
ಮೆಟ್ಟಿಲ ತಿರುವಿಗೊಂದು ದೇವರ ಹೆಸರು, ಒಂದು ಬೈಗುಳ.

ಬೆನ್ನಿಗೆ ನೇತುಹಾಕಿದ ಪ್ಲಾಸ್ಟಿಕ್ ಡಬ್ಬಿ,
ಅಂಚು ಹತ್ತಿ ಇಳಿಯುವ ಬಾಗಿದ ಕೊಳವೆ.
ಉಸಿರು ಕಟ್ಟಿರುವ ತನಕ ನೀರು ಇಳಿಯುತ್ತದೆ,
ಕೆಳಗಿನ ತೊಟ್ಟಿಯಿಂದ ಪಂಪು ಮತ್ತೆ ಮೇಲೆತ್ತುತ್ತದೆ.
ಕಳೆದ ಜೂನಿನ ಬಿರುಗಾಳಿಗೆ ಕರೆಂಟು ಹೋಗಿ
ಮರಳಿದಾಗ ಪಂಪು ಎದ್ದಿತು, ಕೊಳವೆ ಏಳಲಿಲ್ಲ.
ಇಳಿಯುವ ದಾರಿ ಮರೆತ ನೀರು
ಕೋಣೆಯೆಲ್ಲ ಓಡಾಡಿ, ಕೊನೆಗೆ
ಕೆಳಮನೆಯ ಬೌದೀಲಿಯೋನ ದಿಂಬಿನ ಮೇಲೆ
ಹನಿಹನಿಯಾಗಿ ಬಾಗಿಲು ತಟ್ಟಿತು.

ಅವನು ಪಾತ್ರೆ ಹಿಡಿದೇ ಹತ್ತಿ ಬಂದ:
ಉಪ್ಪು, ದೋನ್ಯಾ ಎದೆಲ್ಮೀರಾ. ನಾಲಗೆಗೆ ಹಾಕಿ ನೋಡಿದೆ.
ಸಮುದ್ರವೇ ಬಂತೇನೋ ಅಂದುಕೊಂಡೆ.

ತುಂಬಿದ ಕೊಡ ತುಳುಕುವುದಿಲ್ಲ ಅಂದವರು
ನೆಲ ನಡುಗುವ ಊರಲ್ಲಿ ಕೊಡ ಇಟ್ಟವರಲ್ಲ.

ತೂತು ಕೊರೆದರೆ ಈ ತಾಪತ್ರಯವಿಲ್ಲ.
ಮಟ್ಟ ಮೀರಿದ ನೀರು ತನ್ನ ಭಾರಕ್ಕೆ ತಾನೇ ಹೊರಟುಹೋಗುತ್ತದೆ,
ಯಾರ ಉಸಿರೂ ಬೇಡ.
ಆದರೆ ಕೊರೆದದ್ದನ್ನು ಕೊರೆಯದೆ ಇರಲಾಗದು.
ಕಾಯಿಸಿ ಹದಮಾಡಿದ ಗಾಜಾದರಂತೂ
ತುದಿ ತಾಗಿದ ಗಳಿಗೆಗೆ ಇಡೀ ಗೋಡೆ ಕಲ್ಲುಸಕ್ಕರೆ.
ತೂತಿರುವ ಹೊಸದನ್ನೇ ಕೊಂಡುಬಿಡು, ಎಂದ
ತಂಗಿಯ ಮಗ ನಿಬಾಲ್ಡೊ. ನಾಲ್ಕು ತಿಂಗಳ ಪಿಂಚಣಿ.
ಅವನ ಲ್ಯಾಪ್‌ಟಾಪನ್ನಷ್ಟೇ ಇಸಕೊಂಡಳು.

ರಾತ್ರಿ ಹತ್ತಕ್ಕೆ, ಬಿಸಿಲಿನ ಕನ್ನಡಕ ತೊಟ್ಟು,
ಗಾಜಿನಾಚೆ ಬೆಳ್ಳನೆ ಪರದೆ ಹಚ್ಚಿ,
ಪರದೆ ಕಪ್ಪಾಗುವ ತನಕ ತಲೆ ವಾಲಿಸಿ ನೋಡಿದಳು.
ತಳದ ಗಾಜಲ್ಲಿ ಚಿರತೆಯ ಮಚ್ಚೆಯಂಥ ಬೆಳಕು.
ಬೆನ್ನಿನ ಗಾಜಲ್ಲಿ ಏನೂ ಇಲ್ಲ, ಬರೀ ಕತ್ತಲೆ.
ತಳ ಬೇಡ. ಬೆನ್ನು ಆದೀತು.
ಆದೀತು ಅಂದರೆ ಎಷ್ಟು?

ಕೊರೆಯುವ ವಿದ್ಯೆ ಗೊತ್ತು; ಕೊರೆದದ್ದು ಎಂದೂ ಅವಳಲ್ಲ.
ಡಾಕ್ಟರ ಕೈ ಕೊರೆಯಿತು, ಅವಳದು ನೀರು ಹಿಡಿಯಿತು.
ನೀರು ತಪ್ಪಿದರೆ ಹಲ್ಲು ಕಮರುತ್ತದೆ,
ವಾಸನೆ ಮೊದಲು ಅವಳ ಮೂಗಿಗೆ.
ನೂಕಬೇಡಿ ಡಾಕ್ಟರ್, ಎಂದು ಮುಖವಾಡದ ಮೇಲಿನ
ಎರಡು ಕಣ್ಣಲ್ಲೇ ಎಷ್ಟು ಸಲ ಹೇಳಿದ್ದಾಳೆ.
ನೋವಾದರೆ ಎಡಗೈ ಎತ್ತಿ,
ದಿನಕ್ಕೆ ಹದಿನೈದು ತೆರೆದ ಬಾಯಿಗಳಿಗೆ ಇದೇ ಮಾತು.
ಎತ್ತಿದರೆ ನಿಲ್ಲಿಸುತ್ತಿದ್ದರು, ಬಹುಪಾಲು.
ಗಾಜಿಗೆ ಎಡಗೈ ಇಲ್ಲ.

ಮೂರು ವಾರ ಡ್ರಿಲ್ಲು ಬ್ರೆಡ್ಡಿನ ಡಬ್ಬಿಯ ಪಕ್ಕ ಮಲಗಿತ್ತು.
ವಜ್ರದ ಹುಡಿ ಮೆತ್ತಿದ ಆ ಪುಟ್ಟ ಬಳೆಯನ್ನು
ಒಮ್ಮೊಮ್ಮೆ ಬೆರಳಿಗೆ ತೊಟ್ಟು ನೋಡುವಳು,
ಸಡಿಲ.

ಶನಿವಾರ ಮೀನುಗಳು ಬಕೆಟ್ಟಿಗೆ.
ಮುನಿಸಿಕೊಂಡ ಸೀಗಡಿ ಬಂಡೆಯ ಸಮೇತ.
ಕಂಬಳಿಯ ಮೇಲೆ ತೊಟ್ಟಿಯನ್ನು ಬೋರಲು ಮಲಗಿಸಿ,
ಒಳಮೈಗೆ ಟೇಪು ಅಂಟಿಸಿ,
ಹಲ್ಲಿನ ಅಚ್ಚಿಗೆ ಬಳಸುವ ಗುಲಾಬಿ ಮೇಣವನ್ನು
ಗುರುತಿನ ಸುತ್ತ ಕಟ್ಟೆ ಕಟ್ಟಿ ನೀರು ತುಂಬಿದಳು.
ಆಮೇಲೆ ಕೆಳಗಿಳಿದು ಬಾಗಿಲು ತಟ್ಟಿದಳು.

ನಿಮ್ಮ ಸೂರಿನ ವಿಷಯ, ಬನ್ನಿ.
ಬೌದೀಲಿಯೋ ಪಿಚಕಾರಿ ಹಿಡಿದು ನಿಂತ,
ಪೂಜೆಗೆ ಕರೆದವನಂತೆ ಕೂದಲು ಬಾಚಿಕೊಂಡು.
ನಾನೇನು ಮಾಡಲಿ?
ನೀರು ಬಿಡುತ್ತಿರಿ. ಹಾಲಿನಂತಾದರೆ ಇನ್ನಷ್ಟು ಬಿಡಿ.
ನಾನು ನೂಕಿದರೆ ಬೈಯಿರಿ.
ಬೈಗುಳ ಬಾಯಿಗೆ ಬರದಿದ್ದರೆ?
ಎಡಗೈ ಎತ್ತಿ.

ಕೆಳಗೆ ಬಂದರಿನಲ್ಲಿ ಏನೋ ಭಾರವಾದದ್ದು ಬಿತ್ತು.
ಇಬ್ಬರೂ ಬಕೆಟ್ಟಿನ ನೀರು ನೋಡಿದರು,
ಈ ಊರಿನವರ ಅಭ್ಯಾಸ.
ನಡುಗಲಿಲ್ಲ.
ಒಂದು ಕಿತ್ತಳೆ ಮೀನು ಮೇಲೆ ಬಂದು, ಬಾಯಿ ತೆರೆದು, ಹಾಗೇ ಇತ್ತು.

ಅವಳು ಬಳೆಯನ್ನು ಓರೆಯಾಗಿ ಗಾಜಿಗೆ ತಾಗಿಸಿ
ಗುಂಡಿ ಒತ್ತಿದಳು.