ಇನ್ನೊಂದು ಒಲಿ

ಇದ್ದದ್ದು ಒಂದು.
ವರ್ಕ್‌ಶಾಪಿನ್ಯಾಗ ಮೂವತ್ತೊಂದು ವರ್ಷ ರೈಲಿನ ಡಬ್ಬಿ ಬೆಸೆದ ಕೈ
ರಿಟೈರಾದ ಮರುವಾರವೂ ಸುಮ್ಮನ ಕೂಡಲಿಲ್ಲ.
ಗುಜರಿಯಿಂದ ಒಂದು ಡ್ರಮ್ಮು, ಹಳೇ ಕೂಲರಿನ ಫ್ಯಾನು,
ಗಿರಣಿಯವ ಒಗೆದಿದ್ದ ತಿರುಪು,
ಕೂಡಿಸಿ, ಬೆಸೆದು, ಕರೀ ಬಣ್ಣ ಬಳದು
ಹಿತ್ತಲದಾಗ ನಿಂದರಿಸಿದೆ.

ಇದಕ್ಕ ಇದ್ದಲಿ ಬ್ಯಾಡ, ತುಂಡು ಕಟ್ಟಿಗಿ ಬ್ಯಾಡ.
ಗುಳಿಗಿ ಬೇಕು:
ಗೋವಿನಜೋಳದ ದಂಟು, ಕಟ್ಟಿಗಿ ಪುಡಿ ಒತ್ತಿ ಮಾಡಿದ್ದು,
ತಾರಿಹಾಳದಿಂದ ಚೀಲಗಟ್ಟಲೆ ಬರತಾವ.
ಸಲೋಮಿ ನಗತಾಳ:
"ನಿಮ್ಮ ಬಿಪಿ ಗುಳಿಗಿ ತಿಂಗಳಿಗೆ ಎರಡು ಪಾಕೀಟು,
ಅದರ ಗುಳಿಗಿ ಎರಡು ಚೀಲ.
ಯಾರ ತಬ್ಬೇತಿ ನೋಡ್ಲಿ ನಾನು?"

ಫ್ಯಾನು ನಡುನಡುವ ಮುನಿಸಿಕೊಂಡು ನಿಲ್ಲತೈತಿ.
ಎಡಮಗ್ಗಲಿಗೆ ಸ್ಪ್ಯಾನರಿನಿಂದ ಒಂದು ಏಟು, ಮೆಲ್ಲಕ.
ಮತ್ತ ಉಸಿರಾಡತೈತಿ.
ಆ ಏಟಿನ ಅಳತಿ ನನಗೊಬ್ಬನಿಗಽ ಗೊತ್ತು.

ಈಗ ಕೇಶ್ವಾಪುರದ ಹಲ್ಲಿನ ಡಾಕ್ಟರೊಬ್ಬರು
ಅಪಾರ್ಟಮೆಂಟಿಗೆ ಹೊಂಟಾರ,
ಅಲ್ಲಿ ಹೊಗಿಗೆ ಪರವಾನಗಿ ಇಲ್ಲಂತ.
ಕಂಪನಿ ಒಲಿ, ಎರಡಽ ಸಲ ಹಚ್ಚಿದ್ದು,
ಕೆಂಪು ಅಂಕಿಯಾಗ ಡಿಗ್ರಿ ತೋರಸತೈತಿ,
ತಾನಽ ಉರಿ ಏರಸತೈತಿ, ತಾನಽ ಇಳಸತೈತಿ.
ಹದಿನೆಂಟು ಸಾವಿರ. ಜಗ್ಗಾಡಿದ್ರ ಹದಿನಾರು.

ನೋಡಿ ಬಂದ ರಾತ್ರಿ ನಿದ್ದಿ ಹತ್ತಲಿಲ್ಲ.
ಎರಡು ಒಲಿ ಇಟಗೊಂಡು ಏನ ಮಾಡ್ತಿ, ಪ್ರೇಮದಾಸ?
ಉಣ್ಣಾವರು ಇಬ್ಬರು,
ಅದರಾಗ ಒಬ್ಬಾಕಿಗೆ ಹಲ್ಲು ನೋವು.
ತಾನಽ ಎಲ್ಲಾ ಮಾಡೋ ಒಲಿ ಮುಂದ
ನಾ ಯಾಕ ಕುಂಡ್ರಬೇಕು?
ಹಳೇದು ಮಾರೂಣು ಅಂದ್ರ,
ಆ ಏಟನ್ನ ಜೋಡೀಲೆ ಮಾರಾಕ ಬರತೈತೇನು?

ಬ್ಯಾಡ ಅಂತ ಮುಗಿಸಿದ್ದೆ.
ಲೆಕ್ಕ ತಪ್ಪಿಸಿದ್ದು ಬದನಿಕಾಯಿ.

ಗ್ವಾಡಿ ಆಚೆಕಡೆ ಗುರುಸಂಗವ್ವ. ಇಪ್ಪತ್ತೆರಡು ವರ್ಷ.
ಆಕಿ ಶೇಂಗಾ ಹೋಳಿಗಿ ಈ ಕಡೆ ಬರತಾವ, ತಿಂತೀವಿ.
ನಮ್ಮ ಕ್ರಿಸ್‌ಮಸ್ ಕರಚಿಕಾಯಿ ಆ ಕಡೆ ಹೋಗತಾವ,
ಮುಂದ ಏನಾಗತಾವೋ ನಾವು ಕೇಳಿಲ್ಲ.
ಮೊನ್ನೆ ಸಂಜಿಮುಂದ ಹೊಗಿ ಮೂಸಿ ಅಂದಳು:
"ಗ್ಯಾಸಿನ ಮ್ಯಾಲೆ ಸುಟ್ಟ ಬದನಿಕಾಯಿ ಸುಟ್ಟಂಗಲ್ಲರಿ, ಬಾಡಿದಂಗ.
ನಿಮ್ಮದರಾಗ ಒಂದು ಸುಡಬೇಕು ಅಂತ ಭಾಳ ಆಸೆ.
ಆದ್ರ..."
ಆ ಆದ್ರದ ಮ್ಯಾಲ ಒಂದು ಕೋಳಿ ಕುಂತಿತ್ತು.
ಇಬ್ಬರಿಗೂ ಕಂಡಿತು. ಹುಶ್ ಅನ್ನಲಿಲ್ಲ ಯಾರೂ.

ಹಂಗಾರ ಎರಡನೇದು,
ಕೋಳಿ ಮಾರಿ ಕಾಣದ ಒಲಿ.
"ಹದಿನಾರು ಸಾವಿರದ ಬದನಿಕಾಯಿ!" ಅಂದ ಸಲೋಮಿನಽ
ಬೆಳಿಗ್ಗೆ ಟೇಪು ಹಿಡಕೊಂಡು ನಿಂತಿದ್ದಳು:
"ಸ್ಕೂಟಿ ಇತ್ತಾಗ ಸರಸ್ರಿ. ಹೊಸಾದು ಗ್ವಾಡಿ ಮಗ್ಗಲಿಗೆ,
ಹಳೇದು ಬಾತ್‌ರೂಮಿನ ಕಡೆ.
ಆಷಾಢದಾಗ ಗಾಳಿ ಅವರ ಮನಿಗೆ ಹೊಡಿತೈತಿ."

ಮಧ್ಯಾಹ್ನ ಐದು ಸಾವಿರ ಮುಂಗಡ ಕೊಟ್ಟು ಬಂದೆ,
ಗ್ವಾಡಿ ಮ್ಯಾಲಿಂದ ಸುದ್ದಿ ಹೇಳಿದೆ.
ಹಿಗ್ಗಿದಳು ಗುರುಸಂಗವ್ವ. ಆಮ್ಯಾಲೆ ಬೆರಳು ಎಣಿಸಿದಳು:
"ಚಿಮಟಿಗಿ ಬ್ಯಾರೆ ಇಡಬೇಕು ನೋಡ್ರಿ.
ಬ್ರಶ್ಶು ಬ್ಯಾರೆ, ಪರಾತ ಬ್ಯಾರೆ, ಒರಸೋ ಅರಿವಿ,
ಎಣ್ಣಿ ಬಟ್ಟಲ, ಉಪ್ಪಿನ ಡಬ್ಬಿ..."
ಪಾವತಿ ಹಿಂದ ಎಲ್ಲಾ ಬರಕೊಂಡೆ.
"ಮತ್ತ ಕೈ?" ಅಂದೆ.
"ನನಗ ಇರೋವು ಎರಡಽ. ಎರಡೂ ಕೋಳಿ ಮುಟ್ಟಿದ್ದು."
ಬಾಯಿಗೆ ಸೆರಗು ಹಿಡಿದು ನಕ್ಕಳು:
"ಕೈಗೇನ್ರೀ, ತೊಳಕೊಂಡ್ರ ಆತು."

ತೊಳದ್ರ ಆಗೂದಾಗಿದ್ರ...
ಮಾತು ಬಾಯಿತನಕ ಬಂದಿತ್ತು.
ಅಷ್ಟರಾಗ ಹಳೇ ಒಲಿ ಫ್ಯಾನು ನಿಂತಿತು.
ಸ್ಪ್ಯಾನರ್ ಹುಡುಕಿದೆ.