ನಕ್ಷೆಯಲ್ಲಿಲ್ಲದ ಕಟ್ಟಡ

ಕಿಂಡಿ ಅಣೆಕಟ್ಟಿನ ನಕ್ಷೆ ಹದಿನಾಲ್ಕು ಹಾಳೆ.
ಕಂಬ, ತಳಪಾಯ, ಹಲಗೆ ಕೂರುವ ಸೀಳು,
ಸಿಮೆಂಟಿನ ಶೆಡ್ಡು, ಕಾವಲುಗಾರನ ಕೋಣೆ,
ಸೂಪರ್‌ವೈಸರನ ಬೈಕಿಗೂ ಒಂದು ತಗಡಿನ ನೆರಳು.

ಕೆಲಸಕ್ಕೆ ಸೇರಿದ ಮೊದಲ ತಿಂಗಳು
ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ
ನೀರು ಕುಡಿಯದೆ ನಿಂತೆ,
ನೀರು ನಿಲ್ಲಿಸುವ ಕೆಲಸಕ್ಕೆ.
ಎದುರಲ್ಲೇ ಸ್ವರ್ಣೆ,
ಉಬ್ಬರಕ್ಕೆ ಮೇಲೆ, ಇಳಿತಕ್ಕೆ ಕೆಳಗೆ,
ಅವಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಜಲ್ಲಿ ಹೊರುತ್ತಿದ್ದ ಹರಿಣಾಕ್ಷಿ ಒಂದು ಮಧ್ಯಾಹ್ನ
ಬುಟ್ಟಿ ಕೆಳಗಿಟ್ಟು ನನ್ನ ತುಟಿ ನೋಡಿದಳು.
"ಎಂತ ಇಂಜಿನಿಯರಕ್ಕ, ಉಪವಾಸವಾ?
ಬನ್ನಿ, ನಮ್ಮ ಜಾಗ ತೋರಿಸ್ತೇನೆ."
ಗದ್ದೆಯಂಚು ದಾಟಿ, ಕೇದಗೆಯ ಪೊದೆಯಾಚೆ.
ಒಬ್ಬಳು ಕೂತರೆ ಒಬ್ಬಳು ಕಾಯಬೇಕು,
ಕಾಯುವವಳು ಕೆಮ್ಮಿದರೆ
ಗಂಡಸರು ಬಂದರು ಎಂದರ್ಥ.
ಕಾಲೇಜಿನ ನಾಲ್ಕು ವರ್ಷದಲ್ಲಿ ಯಾರೂ ಕಲಿಸಿರಲಿಲ್ಲ.
ಅವತ್ತಿನಿಂದ ಅವಳಿಗೆ ನಾನು ಕೆಮ್ಮಿದೆ,
ನನಗೆ ಅವಳು.

ಕಂಟ್ರಾಕ್ಟರನನ್ನು ಕೇಳಿದೆ. ಕಿವಿಯಲ್ಲಿ ಕೀಲಿಕೈ ತಿರುಗಿಸುತ್ತಾ ನಕ್ಕ:
"ಆರು ತಿಂಗಳ ಕೆಲಸಕ್ಕೆ ಅದೆಲ್ಲ ಯಾಕೆ ಮೇಡಂ,
ಎಸ್ಟಿಮೇಟಿನಲ್ಲಿ ಇಲ್ಲ."

ಮಣಿಪಾಲದ ಲ್ಯಾಬಿನಲ್ಲಿ ನಮ್ಮ ಕ್ಯೂಬುಗಳನ್ನು ಒಡೆಯುವವಳು
ಲವೀನಾ ಕ್ರಾಸ್ತಾ. ಏಳನೇ ದಿನದ ಬಲ ಕೇಳಲು ಫೋನು ಮಾಡಿದವಳು
ಯಾಕೋ ಇದನ್ನೂ ಹೇಳಿಬಿಟ್ಟೆ.
ಆಚೆ ಯಂತ್ರದ ಸದ್ದು ನಿಂತಿತು.
"ಹನ್ನೆರಡು ವರ್ಷದ ಹಿಂದೆ, ಸೇತುವೆಯ ಕೆಲಸದಲ್ಲಿ,
ಮೂತ್ರದ ಸೋಂಕಾಗಿ ಮೂರು ದಿನ ಆಸ್ಪತ್ರೆಯಲ್ಲಿದ್ದೆ.
ರಜೆಯ ಅರ್ಜಿಯಲ್ಲಿ ಜ್ವರ ಅಂತ ಬರೆದೆ.
ನೀನು ಹಾಗೆ ಬರೆಯಬೇಡ ಮಾರಾಯ್ತಿ."

ಲವೀನಾ ಮೈಮೂನಾಳ ನಂಬರು ಕೊಟ್ಟಳು,
ಪಂಚಾಯತ್ತಿನ ರಸ್ತೆಗಳ ಮೈಮೂನಾ ಇನ್ನಿಬ್ಬರದು.
ಉಡುಪಿ ಇಷ್ಟು ಸಣ್ಣ ಊರು,
ನಾವು ಹೇಗೆ ಇಷ್ಟು ದಿನ ಒಬ್ಬರಿಗೊಬ್ಬರು ಕಾಣಲಿಲ್ಲ?

ಭಾನುವಾರ ಬಂದರು.
ಲವೀನಾ ಟೆಂಪೋದಲ್ಲಿ ತಂದದ್ದು ಒಡೆದ ಕ್ಯೂಬುಗಳು,
ಒಂದೊಂದರ ಮೇಲೂ ಪೆಯಿಂಟಿನಲ್ಲಿ ತಾರೀಕು.
"ಒಡೆದವು ಅಂತ ಎಸೆಯುತ್ತಾರೆ,
ಒಡೆಯುವ ಮುಂಚೆ ಎಷ್ಟು ಹೊತ್ತವು ಅಂತ ನನಗೆ ಗೊತ್ತು."
ಅವನ್ನೇ ತಳಕ್ಕೆ ತುಂಬಿದೆವು.
ಮೈಮೂನಾ ಬಿಸ್ಕಿಟಿನ ರಟ್ಟಿನ ಹಿಂದೆ ಗೆರೆ ಎಳೆದಳು:
ನಾಲ್ಕು ಅಡಿಗೆ ಐದು, ಗುಂಡಿ ಬಾವಿಯಿಂದ ದೂರ.
"ಬಾಗಿಲು ಹೊಳೆಯ ಕಡೆಗೆ ಬೇಡ,
ದೋಣಿಯವರಿಗೆ ಕಾಣ್ತದೆ," ಅಂದಳು ಹರಿಣಾಕ್ಷಿ.
ಇಂಜಿನಿಯರುಗಳು ನಾಲ್ವರೂ ರಟ್ಟನ್ನು ತಿರುಗಿಸಿದೆವು.
ಕೆಂಪುಕಲ್ಲಿನ ಮೂರನೇ ವರಸೆಗೆ ಮತ್ತೆ ಅವಳೇ:
"ನಿಮ್ಮ ದಾರ ಒಂದು ಬೆರಳು ತಪ್ಪಿದೆ."
ಮಟ್ಟದ ಗುಳ್ಳೆ ನೋಡಿದೆ.
ಒಂದು ಬೆರಳು.

ಡಿಸೆಂಬರಿನಲ್ಲಿ ಹಲಗೆ ಇಳಿಸಿದರು.
ಮಾರ್ಚಿನ ಕೊನೆಗೆ ದಡದ ಮನೆಯ ಸಿಂಪಿ ಬಾಯಿ
ಬಾವಿಯಿಂದ ಸೇದಿದ ಚೆಂಬನ್ನು ನನ್ನ ಕೈಗಿಟ್ಟು
ಏನೂ ಹೇಳದೆ ನಿಂತಳು.
ಕುಡಿದೆ. ಉಪ್ಪಿರಲಿಲ್ಲ.
ಇನ್ನೊಂದು ಚೆಂಬು ಕೇಳಿದೆ, ಹೆದರಿಕೆಯಿಲ್ಲದೆ.

ಅಣೆಕಟ್ಟಿನ ಕಂಬಕ್ಕೆ ಕಪ್ಪುಕಲ್ಲಿನ ಫಲಕ ಉಂಟು,
ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು,
ಉಪಸ್ಥಿತರಿದ್ದವರು.
ಕೆಲಸ ಮುಗಿದ ಮೇಲೆ ನಮ್ಮದನ್ನು ಒಡೆಯಬೇಕಿತ್ತು,
ಯಾರೂ ಒಡೆಯಲಿಲ್ಲ.
ಈಗ ಮರುವಾಯಿ ಹೆಕ್ಕುವ ಹೆಂಗಸರು
ಇಳಿತದ ಹೊತ್ತಿಗೆ ಬುಟ್ಟಿಗಳನ್ನು ಹೊರಗೆ ಸಾಲಾಗಿಡುತ್ತಾರೆ,
ಯಾರೂ ಕೆಮ್ಮುವುದಿಲ್ಲ.
ಅದಕ್ಕೆ ಫಲಕ ಇಲ್ಲ.
ಒಳಗಿನ ಚಿಲಕ ಮಾತ್ರ ಗಟ್ಟಿ ಉಂಟು.