ಗುಂಡಿ

ನಾಮಾಕ್ವಾ ಸೀಮೆಯಲ್ಲಿ ಇದನ್ನು ಗುಂಡಿ ಎನ್ನುತ್ತಾರೆ:
ಯಾರದೋ ಅಂಗಿಯಿಂದ ಕಳಚಿ
ಬೆಣಚುಕಲ್ಲಿನ ಸಂದಿಗೆ ಉರುಳಿದ್ದು.
ಎರಡೆಲೆ ಬೆಸೆದು ಒಂದೇ ಒಡಲು,
ನೆತ್ತಿಯ ಮೇಲೊಂದು ಸೀಳು, ನಿದ್ದೆಗಣ್ಣಿನ ಕೂಸಿನ ತುಟಿ.
ಹೆಬ್ಬೆರಳಿಟ್ಟು ಮುಚ್ಚಿದರೆ ಗಿಡವೇ ಮುಗಿಯಿತು.

ಬೇಸಿಗೆಗೆ ಹಳೆಯ ಜೋಡಿ ತನ್ನ ನೀರನ್ನೆಲ್ಲ
ಒಳಗಿನ ಹೊಸ ಜೋಡಿಗೆ ಕುಡಿಸಿ
ತಾನು ಈರುಳ್ಳಿ ಸಿಪ್ಪೆಯಾಗುತ್ತದೆ.
ದಾರಿಹೋಕರು ಸತ್ತಿದೆ ಅಂದುಕೊಳ್ಳುತ್ತಾರೆ.
ಅಂದುಕೊಳ್ಳಲಿ.
ಕಡಲ ಮಂಜು ಬಂದು ಸಿಪ್ಪೆಯನ್ನು ಮುಟ್ಟುವವರೆಗೆ
ಯಾರಿಗೂ ಉತ್ತರ ಕೊಡಬೇಕಾಗಿಲ್ಲ.

ಸ್ಪ್ರಿಂಗ್‌ಬಾಕ್ ಠಾಣೆಯ ಹಿಂಕೋಣೆಯಲ್ಲಿ
ನಾಲ್ಕು ಸಾವಿರದ ಇನ್ನೂರ ಹನ್ನೊಂದು ಗುಂಡಿಗಳು.
ಬೂಟಿನ ಡಬ್ಬಿಯಲ್ಲಿ, ಕಾಲುಚೀಲದಲ್ಲಿ,
ಹಡಗು ಹತ್ತುವ ಮುನ್ನ ಸಿಕ್ಕಿಬಿದ್ದವು.
ರಾಹೆಲ್ ಆಪೊಲ್ಸ್ ಕನ್ನಡಕ ಒರೆಸಿಕೊಂಡು
ಬೇರಿನ ಮಣ್ಣನ್ನು ಉಗುರಿನಿಂದ ಕೆದರುತ್ತಾಳೆ.
ಕೆಂಪಾದರೆ ನದಿಯ ಕಡೆಯದು.
ಬೂದಿಯಾದರೆ ಹಳೇ ತಾಮ್ರದ ಗಣಿಯ ಹಿಂದಿನದು.
ಸಕ್ಕರೆಯಂಥ ಬಿಳಿ ಹರಳು ಅಂಟಿದ್ದರೆ
ಕೈ ಒಂದು ಗಳಿಗೆ ತಡೆಯುತ್ತದೆ.

ಆ ಬಿಳಿ ದಿನ್ನೆಯಲ್ಲಿ ಅವಳೂ ಅಣ್ಣ ಆವಿಯೂ ಆಡು ಕಾಯುತ್ತಿದ್ದರು.
ಒಣಗಿದ ಬೀಜದ ಕಾಯಿ ಕಿತ್ತು ಅಂಗೈಲಿಟ್ಟು
ಅವನು ಅದರ ಮೇಲೆ ಉಗುಳುತ್ತಿದ್ದ:
ನೋಡುನೋಡುತ್ತ ಪುಟ್ಟ ಬಾಗಿಲುಗಳು ಒಂದೊಂದಾಗಿ ಮಲಗಿ
ಕಾಯಿ ನಕ್ಷತ್ರವಾಗುತ್ತಿತ್ತು.
ಒಣಗಿದರೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು.
"ಮೋಸ ಹೋಯ್ತು, ಮಳೆ ಅಂದುಕೊಂಡಿತು," ಎಂದು ನಗುತ್ತಿದ್ದ.

ಹದಿನೇಳನೆಯ ಡಬ್ಬಿ ತಗಡಿನದು.
ಮುಚ್ಚಳದ ಮೇಲೆ ನೀಲಿ ಗಾಳಿಗಿರಣಿ,
ಅಂಚಿನಲ್ಲೊಂದು ನೆಗ್ಗು.
ಆವಿಯ ಮದುವೆಗೆ ಅವಳೇ ಬಿಸ್ಕತ್ತು ತುಂಬಿಸಿ ಕೊಟ್ಟ ಡಬ್ಬಿ.
ಅವನೀಗಿಲ್ಲ. ಮಗನಿದ್ದಾನೆ,
ಗಣಿ ಮುಚ್ಚಿದ ಮೇಲೆ ಕೆಲಸವಿಲ್ಲ.
ಒಂದು ಗುಂಡಿಗೆ ಎಷ್ಟು ಕೊಡುತ್ತಾರೋ
ಅವಳು ಕೇಳಿಲ್ಲ, ಗೊತ್ತಿದೆ.

"ಸ್ಥಳ?" ಎಂದು ಪೊಲೀಸಿನವಳು ಪೆನ್ನೆತ್ತುತ್ತಾಳೆ.
"ಬಿಳಿ ದಿನ್ನೆ. ತೆಂಕಣ ಮಗ್ಗುಲು. ಸೀಳುಬಂಡೆಯ ನೆರಳು."
"ಡಬ್ಬಿ?"
ರಾಹೆಲ್ ನೆಗ್ಗಿನ ಮೇಲೆ ಹೆಬ್ಬೆರಳಿಡುತ್ತಾಳೆ.
"ತಗಡಿನದು ಅಂತ ಬರೆದುಕೊ."

ಭಾನುವಾರ ಒಬ್ಬಳೇ ದಿನ್ನೆ ಹತ್ತಿದಳು.
ಬಂಡೆಯ ನೆರಳಿನಲ್ಲಿ ಸ್ಕ್ರೂಡ್ರೈವರ್ ಗೀರಿದ ಗುರುತು.
ಗುಂಡಿ ಇದ್ದಲ್ಲೆಲ್ಲ ಈಗ ಗುಂಡಿ,
ಒಂದೊಂದರಲ್ಲೂ ಬೆರಳು ತೂರುವಷ್ಟೇ ಆಳ.
ಅಂಗಿಯದಾಗಿದ್ದರೆ ಹೊಲಿಯಬಹುದಿತ್ತು.

ಠಾಣೆಯಲ್ಲಿ ಆ ರಾತ್ರಿ
ಹದಿನೇಳನೆಯ ಡಬ್ಬಿಯ ಒಂದು ಸೀಳು ಬಿರಿದು
ಹುಲ್ಲುಬಣ್ಣದ ಹೂವೊಂದು, ಮಸುಕು, ತೀರಾ ಸಣ್ಣದು,
ಬೆಟ್ಟದ ಪತಂಗಕ್ಕೆಂದು ಪರಿಮಳ ಬಿಟ್ಟಿತು.
ಪಾಳಿಯವನು ಕುರ್ಚಿಯಲ್ಲಿ ಎಚ್ಚೆತ್ತು
ಖಾಲಿ ಕೋಣೆಯನ್ನು ಕೇಳಿದ:
ಯಾರಪ್ಪ, ಇಷ್ಟೊತ್ತಿಗೆ ಅತ್ತರು ಹಚ್ಚಿಕೊಂಡು ಬಂದವರು?